ಲೆಕ್ಕಕ್ಕೆ ಸಿಗದ ಯೂರೋಪು

2016ರ ಜೂನ್ 24, ಶುಕ್ರವಾರ. ನಾನಾಗ ಮುಂಬಯಿಯ ಫೋರ್ಟ್ ಭಾಗದಲ್ಲಿ ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದೆ. ಲೋಕಲ್ ಇಳಿದು, ಕಟಿಂಗ್ ಚಹಾ ಕುಡಿದು, ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಲಂಡನ್ನಿನಿಂದ ಸುದ್ದಿ ಬಂದಿತ್ತು. ಯೂರೋಪಿನ ಒಕ್ಕೂಟ ಬಿಡಬೇಕು ಅಂತ ಬ್ರಿಟನ್ನಿನ ಶೇಕಡಾ 51.9 ಜನ ವೋಟು ಹಾಕಿದ್ದರು, ಇರಬೇಕು ಅಂತ 48.1. ಹಿಂದಿನ ರಾತ್ರಿ ಒಂದೂವರೆ ಡಾಲರ್ ಇದ್ದ ಪೌಂಡು 1.33ಕ್ಕಿಂತ ಕೆಳಗೆ ಬಿದ್ದಿತ್ತು. 1985ರಿಂದೀಚೆಗೆ ಅಷ್ಟು ಕೆಳಗೆ ಹೋಗಿರಲಿಲ್ಲ. ನಮ್ಮ ಸೆನ್ಸೆಕ್ಸ್ ಕೂಡ ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಅಂಶ ಕುಸಿದು, ಸಂಜೆಗೆ 604 ಅಂಶ ಕಳೆದುಕೊಂಡು ನಿಂತಿತು.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದರು. ಅವರ ಮಗ ಲೀಡ್ಸ್‌ನಲ್ಲಿ ಓದುತ್ತಿದ್ದ. "ಸರ್, ಪೌಂಡು ಇಳಿದಿದೆಯಂತಲ್ಲ, ಫೀಸು ಇವತ್ತೇ ಕಳಿಸಿಬಿಡಿ. ಸೋಮವಾರ ಏರಿದರೆ ಏನು ಮಾಡೋಣ?" ಅಂದರು. ಕಳಿಸಿದೆ. ಅವರಿಗೆ ಏನಿಲ್ಲವೆಂದರೂ ಅರವತ್ತು ಎಪ್ಪತ್ತು ಸಾವಿರ ಉಳಿದಿರಬೇಕು. ಸಂತೋಷದಿಂದ ಹೋದರು. ನನಗೂ ಅವತ್ತು ಬ್ರೆಕ್ಸಿಟ್ ಅಂದರೆ ಅಷ್ಟೇ ಆಗಿತ್ತು. ಒಂದು ದರ, ಒಂದು ಲಾಭ, ಒಂದು ನಷ್ಟ.

ಆಮೇಲೆ ಕುತೂಹಲಕ್ಕೆ ಈ ವಿಷಯ ಓದುತ್ತಾ ಹೋದೆ. ಆಗ ಒಂದು ಸಂಗತಿ ಗಮನಕ್ಕೆ ಬಂತು. ಯೂರೋಪನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ನೋಡುತ್ತಿದ್ದವನು ನಾನೊಬ್ಬನೇ ಅಲ್ಲ. ಬ್ರಿಟಿಷರೂ ಸುಮಾರು ಅರವತ್ತು ವರ್ಷ ಹಾಗೇ ನೋಡಿದವರು. ಅದರ ಮೇಲೆ ತಮಗೆ ಪ್ರೀತಿಯೂ ಇತ್ತು ಅಂತ ಅವರಲ್ಲಿ ಬಹಳ ಜನಕ್ಕೆ ತಿಳಿದದ್ದು ಖಾತೆ ಮುಚ್ಚುವ ಹೊತ್ತಿಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1946ರಲ್ಲಿ ಜ್ಯೂರಿಕ್‌ನಲ್ಲಿ ನಿಂತು ಯೂರೋಪಿಗೊಂದು ಸಂಯುಕ್ತ ಸಂಸ್ಥಾನ ಬೇಕು ಅಂತ ಭಾಷಣ ಮಾಡಿದವರು ಚರ್ಚಿಲ್. ಆದರೆ 1957ರಲ್ಲಿ ಆರು ದೇಶಗಳು ಸೇರಿ ಸಾಮಾನ್ಯ ಮಾರುಕಟ್ಟೆ ಕಟ್ಟಿಕೊಂಡಾಗ ಬ್ರಿಟನ್ ಹೊರಗೇ ಉಳಿಯಿತು. ಅವರ ವ್ಯಾಪಾರ ಬೆಳೆದದ್ದು ಕಂಡು 1961ರಲ್ಲಿ ಅರ್ಜಿ ಹಾಕಿತು. ಫ್ರಾನ್ಸಿನ ಡಿಗಾಲ್ 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಬೇಡ ಅಂದರು. ಕೊನೆಗೆ ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, 1973ರ ಜನವರಿ 1ರಂದು ಪ್ರವೇಶ ಸಿಕ್ಕಿತು. 1975ರಲ್ಲಿ ಇರೋದೋ ಬಿಡೋದೋ ಅಂತ ಜನಮತ ಕೇಳಿದಾಗ ಶೇಕಡಾ 67 ಜನ ಇರೋಣ ಅಂದರು. ಆ ಪ್ರಚಾರದಲ್ಲಿ ಮಾರ್ಗರೆಟ್ ಥ್ಯಾಚರ್ ಸದಸ್ಯ ದೇಶಗಳ ಬಾವುಟಗಳನ್ನೆಲ್ಲ ಹೆಣೆದ ಸ್ವೆಟರ್ ಹಾಕಿಕೊಂಡು ಬೀದಿಗಿಳಿದಿದ್ದರು ಅಂದರೆ ಇವತ್ತು ನಂಬೋದು ಕಷ್ಟ. ಅದೇ ಥ್ಯಾಚರ್ 1984ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಕೂತು, ನಾವು ಕಟ್ಟುವ ವಂತಿಗೆ ಹೆಚ್ಚಾಯಿತು ಅಂತ ಹಟ ಹಿಡಿದು ಪ್ರತಿವರ್ಷ ರಿಬೇಟ್ ಬರುವ ಹಾಗೆ ಮಾಡಿಕೊಂಡರು.

2016ರ ಪ್ರಚಾರವೂ ಲೆಕ್ಕದ್ದೇ. ಯೂರೋಪಿಗೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದರು. ರಿಬೇಟ್ ಕಳೆಯದ ಮೊತ್ತ ಅದು! ಒಟ್ಟು ಯಾವುದು, ನಿವ್ವಳ ಯಾವುದು ಅನ್ನೋದು ಬಿಕಾಂ ಮೊದಲ ವರ್ಷದ ಪಾಠ. ಇನ್ನೊಂದು ಬಣದವರಾದರೂ ಏನು ಹೇಳಿದರು? ಬಿಟ್ಟರೆ ಮನೆಮನೆಗೂ ಇಷ್ಟಿಷ್ಟು ನಷ್ಟ ಅಂತ ಹೆದರಿಸಿದರು. ನನಗೆ ಯೂರೋಪು ಇಷ್ಟ, ಅದು ನನ್ನದೂ ಹೌದು ಅಂತ ಧೈರ್ಯವಾಗಿ ಹೇಳಿದವರು ಕಮ್ಮಿ.

ಆದರೆ ಲೆಕ್ಕದಾಚೆ ಎಷ್ಟೊಂದಿತ್ತು ನೋಡಿ. 1822ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ ಒಂದು ಹೊಸ ಸಿಂಫನಿ ಬರೆದುಕೊಡಿ ಅಂತ ಬೀಥೋವನ್‌ಗೆ 50 ಪೌಂಡ್ ಕೊಡಲು ಒಪ್ಪಿತು. ಆತ ಬರೆದದ್ದು ಒಂಬತ್ತನೆಯ ಸಿಂಫನಿ. ಅದರ ಕೊನೆಯ ಭಾಗದ ರಾಗವೇ ಇವತ್ತು ಯೂರೋಪಿನ ಒಕ್ಕೂಟದ ಗೀತೆ. ಅಂದರೆ ಆ ರಾಗಕ್ಕೆ ಹಣ ಕೊಟ್ಟವರು ಲಂಡನ್ನಿನವರು. 1827ರಲ್ಲಿ ಬೀಥೋವನ್ ಹಾಸಿಗೆ ಹಿಡಿದಾಗ ಅದೇ ಸೊಸೈಟಿ ಇನ್ನೂ 100 ಪೌಂಡ್ ಕಳಿಸಿಕೊಟ್ಟಿತು. ಇದನ್ನು ಯಾವ ವಂತಿಗೆಯ ಲೆಕ್ಕಕ್ಕೆ ಸೇರಿಸೋದು?

ಇನ್ನೊಂದು ಕಥೆ ಕಾವೆಂಟ್ರಿಯದು. ನನ್ನ ಮಗಳು ಅಳಿಯ ಕೆಲಸದ ಮೇಲೆ ಅಲ್ಲಿದ್ದಾರೆ. 2023ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಒಂದು ತಿಂಗಳು ಹೋಗಿ ಇದ್ದು ಬಂದೆವು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ಊರನ್ನು ಸುಟ್ಟವು. ಹಳೆಯ ಕೆಥೆಡ್ರಲ್‌ನ ಗೋಡೆಗಳು ಛಾವಣಿಯಿಲ್ಲದೆ ಹಾಗೇ ನಿಂತಿವೆ. ಸುಟ್ಟ ತೊಲೆಗಳನ್ನೇ ಕಟ್ಟಿ ಶಿಲುಬೆ ಮಾಡಿ, ಹಿಂದಿನ ಗೋಡೆಯ ಮೇಲೆ ಕ್ಷಮೆಯ ಎರಡೇ ಪದ ಕೆತ್ತಿಸಿದ್ದಾರೆ. 'ಅವರನ್ನು' ಕ್ಷಮಿಸು ಅಂತ ಇಲ್ಲ, ಬರೀ ಕ್ಷಮಿಸು ಅಂತ. 1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಜರ್ಮನಿಯ ಡ್ರೆಸ್ಡನ್ ಊರನ್ನು ಸುಟ್ಟವು. ಹದಿನಾಲ್ಕು ವರ್ಷದ ಮೇಲೆ, 1959ರಲ್ಲಿ, ಈ ಎರಡು ಸುಟ್ಟ ಊರುಗಳು ಅವಳಿ ನಗರಗಳಾದವು. ಆಗ ಬ್ರಿಟನ್ ಮಾರುಕಟ್ಟೆಗೆ ಅರ್ಜಿಯನ್ನೂ ಹಾಕಿರಲಿಲ್ಲ, ಡ್ರೆಸ್ಡನ್ ಇದ್ದದ್ದು ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ. 1965ರಲ್ಲಿ ಕಾವೆಂಟ್ರಿಯ ಹುಡುಗ ಹುಡುಗಿಯರು ಡ್ರೆಸ್ಡನ್‌ಗೆ ಹೋಗಿ ಬಾಂಬಿಗೆ ಬಿದ್ದ ಆಸ್ಪತ್ರೆ ಕಟ್ಟಲು ಕೈಹಚ್ಚಿದರು. ಮುಂದೆ ಡ್ರೆಸ್ಡನ್‌ನ ದೊಡ್ಡ ಚರ್ಚನ್ನು ಮತ್ತೆ ಎತ್ತಿ ನಿಲ್ಲಿಸಿದಾಗ ಅದರ ತುದಿಯ ಬಂಗಾರದ ಶಿಲುಬೆಯನ್ನು ಬ್ರಿಟಿಷರು ಚಂದಾ ಎತ್ತಿ ಮಾಡಿಸಿಕೊಟ್ಟರು. ಅದನ್ನು ಮಾಡಿದ ಲಂಡನ್ನಿನ ಅಕ್ಕಸಾಲಿಯ ತಂದೆ ಡ್ರೆಸ್ಡನ್ ಮೇಲೆ ಬಾಂಬು ಹಾಕಿದ ಪೈಲಟ್‌ಗಳಲ್ಲೊಬ್ಬರು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಷ್ಟೆಲ್ಲ ಮಾಡಿದ ಕಾವೆಂಟ್ರಿ 2016ರಲ್ಲಿ ಹಾಕಿದ ವೋಟು ಯಾವುದಕ್ಕೆ ಗೊತ್ತೆ? ಬಿಡೋದಕ್ಕೆ. ಅಲ್ಲಿ ಸುಮಾರು ಶೇಕಡಾ 56 ಜನ ಹೊರಗೆ ಹೋಗೋಣ ಅಂದಿದ್ದರು.

ಮಗಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನಮ್ಮನ್ನು ಚಹಾಕ್ಕೆ ಕರೆದರು. ಅವರ ಗೂಡಿನ ಮೇಲೆ ಮರದ ಪುಟ್ಟ ಬೊಂಬೆಯೊಂದಿತ್ತು, ಹೊಟ್ಟೆಯಲ್ಲಿ ಧೂಪ ಇಟ್ಟರೆ ಬಾಯಲ್ಲಿ ಹೊಗೆ ಬಿಡುವಂಥದ್ದು. ತೊಂಬತ್ತರ ದಶಕದಲ್ಲಿ ಚರ್ಚಿನ ಹಾಡಿನ ತಂಡದ ಜೊತೆ ಡ್ರೆಸ್ಡನ್‌ಗೆ ಹೋದಾಗ ಅವರನ್ನು ಮನೆಯಲ್ಲಿ ಉಳಿಸಿಕೊಂಡ ಗೆಳತಿ ಕೊಟ್ಟದ್ದಂತೆ. ಆಮೇಲೆ ವರ್ಷಕ್ಕೊಮ್ಮೆ ಇವರು ಅಲ್ಲಿಗೆ, ಅವರು ಇಲ್ಲಿಗೆ. ಪ್ರತಿ ಕ್ರಿಸ್‌ಮಸ್‌ಗೆ ಅಲ್ಲಿಂದ ಸ್ಟೋಲೆನ್ ಅನ್ನುವ ಒಣಹಣ್ಣಿನ ಬ್ರೆಡ್ಡು ಪಾರ್ಸೆಲ್ ಬರುತ್ತದೆ. ನೀವು ಯಾವುದಕ್ಕೆ ವೋಟು ಹಾಕಿದಿರಿ ಅಂತ ಕೇಳೋದು ಸಭ್ಯತೆಯಲ್ಲ, ನಾನು ಕೇಳಲಿಲ್ಲ. ಅವರೇ ಹೇಳಿದರು, ಬಿಡೋದಕ್ಕೆ ಅಂತ. ನನ್ನ ಮುಖ ನೋಡಿ, ನಾನು ವೋಟು ಹಾಕಿದ್ದು ಬ್ರಸೆಲ್ಸ್‌ನ ಆಫೀಸಿನ ವಿಷಯಕ್ಕೆ, ನನ್ನ ಗೆಳತಿಯ ವಿಷಯಕ್ಕಲ್ಲ ಅಂದರು.

ಈ ಮಾತನ್ನು ನಾನು ತಳ್ಳಿಹಾಕಲಾರೆ. 1990ರ ಡಿಸೆಂಬರ್ 1ರಂದು ಇಂಗ್ಲಿಷ್ ಕಡಲಗಾಲುವೆಯ ಕೆಳಗೆ ಸುರಂಗದ ಎರಡು ತುದಿ ಕೂಡಿದಾಗ ಫ್ರೆಂಚ್ ಕೆಲಸಗಾರನ ಕೈ ಕುಲುಕಿದ ಗ್ರಹಾಂ ಫ್ಯಾಗ್ ಕೂಡ ಮುಂದೆ ಬ್ರೆಕ್ಸಿಟ್‌ಗೇ ವೋಟು ಹಾಕಿದವರು. ಗೆದ್ದ ಬಣದ ಬೋರಿಸ್ ಜಾನ್ಸನ್ ಕೂಡ ಫಲಿತಾಂಶ ಬಂದ ವಾರದೊಳಗೆ, ಬ್ರಿಟನ್ ಯೂರೋಪಿನ ಭಾಗವೇ, ಮುಂದೂ ಹಾಗೇ ಇರುತ್ತದೆ ಅಂತ ಪತ್ರಿಕೆಯಲ್ಲಿ ಬರೆದರು. ಒಕ್ಕೂಟ ಬೇರೆ, ಯೂರೋಪು ಬೇರೆ ಅನ್ನೋದು ಅವರ ವಾದ.

ನಮ್ಮ ಮನೆಯಲ್ಲೂ ಇಂಥದ್ದೊಂದಿತ್ತು. ನನ್ನ ಅಜ್ಜ ಧಾರವಾಡದವರು, ಏಕೀಕರಣಕ್ಕೆ ಕೂಗು ಹಾಕಿದವರು. 1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ಪೇಡೆ ಹಂಚಿದರಂತೆ. ಆದರೆ ಕಣ್ಣಿನ ಆಪರೇಶನ್ನಿಗೆ ಬಂದದ್ದು ಮುಂಬಯಿಗೇ. "ಬೆಂಗಳೂರು ನಮ್ಮ ರಾಜಧಾನಿ ಖರೆ. ಆದರ ಮುಂಬಯಿ ಅಂದ್ರ ಮುಂಬಯಿನಪಾ" ಅನ್ನುತ್ತಿದ್ದರು. ವ್ಯತ್ಯಾಸ ಇಷ್ಟೇ. ಅಜ್ಜನಿಗೆ ಮುಂಬಯಿಗೆ ಬರಲು ರೈಲಿನ ಟಿಕೆಟ್ ಸಾಕಿತ್ತು. ವೀಸಾ ಬೇಕಿರಲಿಲ್ಲ.

ಬ್ರಿಟನ್ನಿನಲ್ಲಿ ವಿದಾಯದ ವಾರ ಬಂದದ್ದು 2020ರಲ್ಲಿ. ಜನವರಿ 29ರಂದು ಬ್ರಸೆಲ್ಸ್‌ನ ಯೂರೋಪಿಯನ್ ಪಾರ್ಲಿಮೆಂಟ್ 621ಕ್ಕೆ 49 ಮತಗಳಿಂದ ಬೇರ್ಪಡೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಸದಸ್ಯರು ಎದ್ದು ಕೈಕೈ ಹಿಡಿದು ರಾಬರ್ಟ್ ಬರ್ನ್ಸ್‌ನ ಹಳೆಯ ಸ್ಕಾಟಿಷ್ ವಿದಾಯಗೀತೆ ಹಾಡಿದರು. 31ರ ರಾತ್ರಿ ಹನ್ನೊಂದಕ್ಕೆ ಬ್ರಿಟನ್ ಹೊರಗೆ ಬಂತು. ಅವತ್ತು ಡೋವರಿನ ಬಿಳಿ ಬಂಡೆಗಳ ಮೇಲೆ ಒಂದು ಚಿತ್ರ ಬೆಳಗಿಸಿದರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ, ತೊಂಬತ್ತು ದಾಟಿದ ಇಬ್ಬರು ಮಾಜಿ ಸೈನಿಕರು ಅದರಲ್ಲಿ ತಮ್ಮ ದುಃಖ ಹೇಳಿಕೊಂಡರು, ಮತ್ತೆ ಒಂದಾಗುವ ಆಸೆಯನ್ನೂ ಹೇಳಿದರು. ಜರ್ಮನಿಯ ವಿರುದ್ಧ ಬಂದೂಕು ಹಿಡಿದ ತಲೆಮಾರು ಅದು!

ಆಮೇಲಿನ ಕಥೆ ಇನ್ನೂ ಸ್ವಾರಸ್ಯ. ಐರ್ಲೆಂಡಿನಲ್ಲಿ ಹುಟ್ಟಿದ ಅಜ್ಜ ಅಜ್ಜಿ ಇದ್ದವರಿಗೆ ಆ ದೇಶದ ಪೌರತ್ವ ಸಿಗುತ್ತದೆ. ಮರೆತುಹೋದ ಅಜ್ಜಿಯರ ಜನನಪತ್ರ ಹುಡುಕಿಕೊಂಡು ಬ್ರಿಟನ್ನಿನ ಜನ ಸಾಲುಗಟ್ಟಿದರು. ಗೂಢಚಾರರ ಕಾದಂಬರಿಗಳಿಂದ ಪ್ರಸಿದ್ಧರಾದ, ಇಂಗ್ಲಿಷರಲ್ಲೇ ಇಂಗ್ಲಿಷರು ಅನ್ನಿಸಿದ್ದ ಜಾನ್ ಲ ಕಾರೆ ಕೂಡ ತಮ್ಮ ಅಜ್ಜಿಯ ದಾಖಲೆ ಹುಡುಕಿ ಕಾರ್ಕ್‌ಗೆ ಹೋಗಿದ್ದರು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಐರಿಷ್ ಪ್ರಜೆಯಾಗಿದ್ದರು ಅಂತ ಮಗ ಆಮೇಲೆ ಹೇಳಿದರು. ಕೊನೆಯ ಹುಟ್ಟುಹಬ್ಬದ ಫೋಟೋದಲ್ಲಿ ಐರ್ಲೆಂಡಿನ ಬಾವುಟ ಹೊದ್ದು ಕೂತಿದ್ದರಂತೆ.

ಇದಕ್ಕಿಂತ ಕಠಿಣ ನಿರ್ಧಾರ ಯಹೂದಿ ಕುಟುಂಬಗಳದು. ಹಿಟ್ಲರನ ಕಾಲದಲ್ಲಿ ಪೌರತ್ವ ಕಳೆದುಕೊಂಡು ಓಡಿಬಂದವರ ಮಕ್ಕಳು ಮೊಮ್ಮಕ್ಕಳಿಗೆ ಅದನ್ನು ವಾಪಸು ಕೊಡುವ ಕಲಮು ಜರ್ಮನಿಯ ಸಂವಿಧಾನದಲ್ಲಿದೆ. ಬ್ರಿಟನ್ನಿನಿಂದ ವರ್ಷಕ್ಕೆ ಬೆರಳೆಣಿಕೆಯ ಅರ್ಜಿ ಬರುತ್ತಿದ್ದವು. ಜನಮತದ ಮೇಲೆ ಅದು ಸಾವಿರ ದಾಟಿತು. ಅಜ್ಜನನ್ನು ಓಡಿಸಿದ ದೇಶದ ಪಾಸ್‌ಪೋರ್ಟು ಮೊಮ್ಮಗಳು ಕೇಳಿ ಪಡೆಯೋದು ಅಂದರೆ ಮನೆಯಲ್ಲಿ ಎಷ್ಟು ಮಾತು ನಡೆದಿರಬೇಕು!

ಇತ್ತ ಬ್ರಿಟನ್ನಿನ ಪಾಸ್‌ಪೋರ್ಟು 2020ರಲ್ಲಿ ಒಕ್ಕೂಟದ ಕಂದು ಕೆಂಪು ಬಿಟ್ಟು ಹಳೆಯ ನೀಲಿಗೆ ತಿರುಗಿತು. ಆ ನೀಲಿ ಪುಸ್ತಕ ತಯಾರಾದದ್ದು ಪೋಲೆಂಡಿನಲ್ಲಿ! ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ, ದೇಶಭಕ್ತಿಯ ಹಾಡುಗಳ ನಡುವೆ, 2016ರಿಂದ ಯೂರೋಪಿನ ನೀಲಿ ಬಾವುಟಗಳೂ ಹಾರುತ್ತಿವೆ. ರಾಜ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಮೊದಲ ವಿದೇಶ ಭೇಟಿಗೆ ಹೋದದ್ದು ಜರ್ಮನಿಗೆ. 2023ರ ಮಾರ್ಚ್ 30ರಂದು ಅಲ್ಲಿನ ಸಂಸತ್ತಿನಲ್ಲಿ ಅರ್ಧ ಜರ್ಮನ್ ಭಾಷೆಯಲ್ಲೇ ಮಾತಾಡಿದರು.

ಆದರೆ ಪ್ರೀತಿಯಿದ್ದರೆ ಸಾಕೇ? ಬ್ಯಾಂಕಿನವನಾಗಿ ಹೇಳುತ್ತೇನೆ, ಕೆಲವಕ್ಕೆ ಕಾಗದ ಬೇಕು. ಮೊದಲು ಬ್ರಿಟನ್ನಿನ ಯಾರು ಬೇಕಾದರೂ ಸ್ಪೇನಿನಲ್ಲಿ ಮನೆ ಮಾಡಿ ಎಷ್ಟು ವರ್ಷ ಬೇಕಾದರೂ ಇರಬಹುದಿತ್ತು. ಈಗ ವೀಸಾ ಇಲ್ಲದಿದ್ದರೆ 180 ದಿನಗಳಲ್ಲಿ 90 ದಿನ ಮಾತ್ರ. ಹೆಚ್ಚು ಕಳೆದುಕೊಂಡವರು ಹುಡುಗರು. 1987ರಲ್ಲಿ ಶುರುವಾದ ಎರಾಸ್ಮಸ್ ಯೋಜನೆಯಲ್ಲಿ ಬ್ರಿಟನ್ನಿನ ಹುಡುಗ ಪ್ಯಾರಿಸ್ಸಿನಲ್ಲೋ ಪ್ರಾಗ್‌ನಲ್ಲೋ ಒಂದು ವರ್ಷ ಓದಿ ಬರುತ್ತಿದ್ದ. ಒಕ್ಕೂಟ ಬಿಟ್ಟಾಗ ಸರ್ಕಾರ ಅದನ್ನೂ ಬಿಟ್ಟಿತು. ಡ್ರೆಸ್ಡನ್‌ನ ಗೆಳತಿ ಹುಟ್ಟೋದು ಇಂಥ ವಯಸ್ಸಿನಲ್ಲಿ, ಇಂಥ ಪ್ರಯಾಣದಲ್ಲಿ. ಇದ್ದ ಪ್ರೀತಿಯ ಬಡ್ಡಿ ತಿನ್ನಬಹುದು, ಹೊಸ ಠೇವಣಿ ಬೀಳದಿದ್ದರೆ ಮುಂದಿನ ತಲೆಮಾರಿಗೆ ಏನು ಉಳಿಯುತ್ತದೆ? 2027ರಿಂದ ಎರಾಸ್ಮಸ್‌ಗೆ ಮತ್ತೆ ಸೇರುವುದಾಗಿ 2025ರ ಡಿಸೆಂಬರಿನಲ್ಲಿ ಬ್ರಿಟನ್ ಪ್ರಕಟಿಸಿದ್ದು ಓದಿ, ನನಗೇನೂ ಸಂಬಂಧವಿಲ್ಲದಿದ್ದರೂ ಖುಷಿಯಾಯಿತು.

ಅಜ್ಜಿಯ ಮನೆಯಿಂದ ಹೊರಡುವಾಗ ಅವರು ಹಿಂದಿನ ಕ್ರಿಸ್‌ಮಸ್ಸಿನ ಪಾರ್ಸೆಲ್ ಡಬ್ಬಿ ತೋರಿಸಿದರು. ಹೊಲಿಗೆ ದಾರ ಇಟ್ಟುಕೊಳ್ಳಲು ಎತ್ತಿಟ್ಟಿದ್ದರು. ಮೇಲೆ ಕಸ್ಟಮ್ಸ್ ಚೀಟಿ ಅಂಟಿತ್ತು. 2021ಕ್ಕೆ ಮುಂಚೆ ಅದು ಬೇಕಿರಲಿಲ್ಲ. ಈಗ ಡ್ರೆಸ್ಡನ್‌ನ ಆ ಗೆಳತಿ ಒಳಗೇನಿದೆ, ಎಷ್ಟು ತೂಕ, ಎಷ್ಟು ಬೆಲೆ ಅಂತ ಬರೆಯಬೇಕು. ಮೂವತ್ತು ವರ್ಷ ಇಂಥ ಫಾರಂ ನೋಡಿದ ಅಭ್ಯಾಸ, ಕಣ್ಣು ನೇರ ಕೆಳಗಿನ ಸಾಲಿಗೆ ಹೋಯಿತು. ಉಡುಗೊರೆ ಅನ್ನುವ ಕಡೆ ಗುರುತು ಹಾಕಿ, ಬೆಲೆಯ ಜಾಗದಲ್ಲಿ 20 ಯೂರೋ ಅಂತ ಬರೆದಿತ್ತು.

ಈ ಚೀಟಿ ಬಂದದ್ದಕ್ಕೆ ಬೇಸರವಿಲ್ಲವೇ ಅಂತ ಈ ಸಲ ನಾನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ಇದನ್ನು ನಾನು ಯೋಚಿಸಿರಲಿಲ್ಲ ಅಂದರು.