ಮದುವೆ ಫೋಟೋದ ಹಿಂದಿನ ಪರದೆ

ನಮ್ಮ ಹಿರಿಯರ ಮದುವೆ ಫೋಟೋಗಳಲ್ಲಿ ಒಂದು ಭಂಗಿ ಮತ್ತೆ ಮತ್ತೆ ಕಾಣುತ್ತದೆ. ಗಂಡ ಕುರ್ಚಿಯಲ್ಲಿ, ಪಕ್ಕದಲ್ಲಿ ನಿಂತ ಹೆಂಡತಿ, ಹಿಂದೆ ಬಣ್ಣದ ಪರದೆ. ಇಬ್ಬರ ಮುಖದಲ್ಲೂ ನಗುವಿಲ್ಲ. ಇದನ್ನು ನಾವು ನಾಚಿಕೆ ಎನ್ನುತ್ತೇವೆ. ಆದರೆ ಇದಕ್ಕೆ ಬೇರೊಂದು ಕಾರಣವೂ ಇದೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಛಾಯಾಗ್ರಹಣ ಮರುವರ್ಷವೇ ಭಾರತಕ್ಕೆ ಬಂತು. ಆಗ ಒಂದು ಚಿತ್ರ ಮೂಡಲು ಹಲವು ಸೆಕೆಂಡುಗಳು ಬೇಕಿದ್ದವು. ಅಲುಗಿದರೆ ಮುಖ ಮಸುಕಾಗುತ್ತಿತ್ತು. ಹಾಗಾಗಿ ಕುರ್ಚಿ ಬಂತು, ತಲೆಯ ಹಿಂದೆ ಕಾಣದಂತೆ ಕಬ್ಬಿಣದ ಆಧಾರ ಬಂತು. ವೇಗದ ಫಿಲ್ಮು ಬಂದ ಮೇಲೂ ಈ ಭಂಗಿ ಉಳಿಯಿತು. ಮನೆಯ ಯಜಮಾನಿಕೆಗೆ ಅದು ಒಪ್ಪುತ್ತಿತ್ತಲ್ಲ!

ಜೋಡಿಯನ್ನು ಚೆಂದಗಾಣಿಸುವುದು ಸ್ಟುಡಿಯೋದವರ ಕಸುಬು. ಮುಖವನ್ನು ಕೊಂಚ ಓರೆಯಾಗಿಸಿದರೆ ಅಗಲ ತಗ್ಗುತ್ತದೆ. ಎತ್ತರದವರನ್ನು ಕೂರಿಸಿದರೆ ಅಂತರ ಕಾಣದು. ಎರಡು ಲೆನ್ಸಿನ ಕ್ಯಾಮೆರಾವನ್ನು ಎದೆಮಟ್ಟದಲ್ಲಿ ಹಿಡಿಯುವುದರಿಂದ ನಿಂತವರು ಎತ್ತರವಾಗಿ ತೋರುತ್ತಾರೆ. ಅದರ ಒಂದು ರೋಲಿನಲ್ಲಿ 12 ಚಿತ್ರ ಮಾತ್ರ. ಹೊಸ ಭಂಗಿಯ ಪ್ರಯೋಗಕ್ಕೆ ಅವಕಾಶ ಕಡಿಮೆ. ಕೊನೆಗೆ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನ ಟಚಪ್. ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ.

ಈ ಬೆಳ್ಳಗಿನ ಅಳತೆ ಯಾರದು? ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ಬಿಳಿಯ ಮಹಿಳೆಯೊಬ್ಬರ ಚಿತ್ರವನ್ನು ಲ್ಯಾಬುಗಳಿಗೆ ಮಾದರಿಯಾಗಿ ಕಳಿಸುತ್ತಿತ್ತು. ಅದಕ್ಕೆ 'ಶರ್ಲಿ ಕಾರ್ಡ್' ಎಂಬ ಹೆಸರು ಬಿತ್ತು. ಆ ಅಳತೆಯಲ್ಲಿ ಕಪ್ಪು ಮುಖದ ಗೆರೆ, ಹೊಳಪುಗಳು ಅಳಿದುಹೋಗುತ್ತಿದ್ದವು. ಹಳಿಯಾಳ, ಮುಂಡಗೋಡ, ಜೊಯಿಡಾಗಳ ಸಿದ್ದಿಯರನ್ನು ಇಲ್ಲಿ ನೆನೆಯಬೇಕು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಸರಕಾರ ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಗೂಗಲ್ ತನ್ನ ಫೋನ್ ಕ್ಯಾಮೆರಾದಲ್ಲಿ ಕಪ್ಪು ಮೈಬಣ್ಣವನ್ನು ಇದ್ದಂತೆ ತೋರಿಸಲು 'ರಿಯಲ್ ಟೋನ್' ತಂದದ್ದು 2021ರಲ್ಲಿ. ಅಲ್ಲಿಯವರೆಗೆ ಎಷ್ಟು ವಧುಗಳಿಗೆ ತಮ್ಮ ಮದುವೆ ಫೋಟೋದಲ್ಲಿ ತಮ್ಮದೇ ಮುಖ ಸಿಕ್ಕಿರಲಿಕ್ಕಿಲ್ಲ?

ಮುಖದಂತೆಯೇ ಊರೂ ಫೋಟೋದಿಂದ ಹೊರಗುಳಿಯಿತು. ಪರದೆಯ ಮೇಲೆ ಅರಮನೆಯ ಕಂಬ, ಕಾಣದ ದೇಶದ ಉದ್ಯಾನ. ಅಂಗಳ, ಹಂಚಿನ ಮಾಡು, ನೆಂಟರಿಷ್ಟರು ಚೆಂದಕ್ಕೆ ಅಡ್ಡಿ ಎಂದೇ ಆ ಕಸುಬಿನ ನಂಬಿಕೆ. ಬೇರೆ ಊರಿನವರಿಗೆ ಇದು ದೊಡ್ಡ ನಷ್ಟವಲ್ಲ. ಹಿಂತಿರುಗಿ ಹೋದರೆ ಅಂಗಳ ಅಲ್ಲೇ ಇರುತ್ತದೆ. ಸೂಪಾದವರಿಗೆ ಆ ಭಾಗ್ಯವಿಲ್ಲ. ಕಾಳಿ ನದಿಯ ಮೇಲೆ 1987ರಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಅಣೆಕಟ್ಟು ಸೂಪಾ ಪೇಟೆಯನ್ನೂ ಸುತ್ತಲಿನ ಹಳ್ಳಿಗಳನ್ನೂ ಮುಳುಗಿಸಿತು. ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ನಿರಾಶ್ರಿತರಿಗೆ ರಾಮನಗರದಲ್ಲಿ ನೆಲೆ ಸಿಕ್ಕಿತು. ಅವರ ಮಕ್ಕಳು ಇಂದು ಅಪ್ಪ ಅಮ್ಮನ ಮದುವೆ ಫೋಟೋದಲ್ಲಿ ಮುಳುಗಿದ ಮನೆಯನ್ನು ಹುಡುಕಿದರೆ ಸಿಗುವುದು ಸ್ಟುಡಿಯೋದ ಪರದೆ. ಯಾರೋ ಅವಸರದಲ್ಲಿ, ಭಂಗಿಯ ಹಂಗಿಲ್ಲದೆ ತೆಗೆದ ಚಿತ್ರವೊಂದಿದ್ದರೆ ಅದೇ ಆ ಮನೆತನದ ದಾಖಲೆ.

ಈಗ ಪರದೆಯ ಜಾಗಕ್ಕೆ ಮದುವೆ ಮುನ್ನದ ಫೋಟೋಶೂಟ್ ಬಂದಿದೆ, ಫೋನಿನ ಫಿಲ್ಟರ್ ಬಂದಿದೆ. ಚೆಂದ ಕಾಣಬೇಕೆಂಬ ಆಸೆ ತಪ್ಪಲ್ಲ. ಆದರೆ ಒಂದೆರಡು ಫೋಟೋಗಳನ್ನಾದರೂ ಮನೆಯ ಅಂಗಳದಲ್ಲಿ, ಅಜ್ಜ ಅಜ್ಜಿಯರನ್ನು ಸೇರಿಸಿಕೊಂಡು, ಟಚಪ್ ಇಲ್ಲದೆ ತೆಗೆಸೋಣ. ಹಳೆಯ ಫೋಟೋಗಳ ಬೆನ್ನಿಗೆ ಊರಿನ ಹೆಸರು, ಇಸವಿ ಬರೆದಿಡೋಣ. ಅದನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.