ಲೋಳೆ ಬೂಷ್ಟಿನ ಪಾಠಕ್ಕೊಂದು ತಿದ್ದುಪಡಿ

ಕಮಲಾಪುರದಲ್ಲಿ 1980ರ ದಶಕದಲ್ಲಿ ನನ್ನ ಜೀವಶಾಸ್ತ್ರದ ಪಾಠ ಕೇಳಿದವರಿಗೆ, ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಒಂದು ಚಿತ್ರ ನೆನಪಿರಬಹುದು: ಕೂದಲೆಳೆಯಂತಹ ಕಾಂಡ, ಅದರ ತುದಿಯಲ್ಲೊಂದು ಗುಂಡು. ಅದು ಲೋಳೆ ಬೂಷ್ಟು. ಹೆಸರು ಬೂಷ್ಟಾದರೂ ಜೀವಿ ಮಾತ್ರ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಒಂಟಿಯಾಗಿ ಬದುಕುವ ಅಮೀಬಾ. ಆಹಾರ ತೀರಿದಾಗ ಸಾವಿರಗಟ್ಟಲೆ ಅಮೀಬಾಗಳು ಒಂದೆಡೆ ಸೇರಿ, ಒಂದೆರಡು ಮಿಲಿಮೀಟರ್ ಉದ್ದದ ಹುಳುವಿನಂತಾಗಿ ತೆವಳುತ್ತವೆ. ಆಮೇಲೆ ಸುಮಾರು ಐದನೆಯ ಒಂದು ಪಾಲು ಜೀವಕೋಶಗಳು ಕಾಂಡವಾಗಿ ಸಾಯುತ್ತವೆ. ಉಳಿದವು ಅದರ ನೆತ್ತಿಯೇರಿ ಬೀಜಕಗಳಾಗಿ ಬದುಕುತ್ತವೆ. ಇಷ್ಟಕ್ಕೂ ಒಂದು ಹಗಲು, ಒಂದು ರಾತ್ರಿ ಸಾಕು.

“ಎಲ್ಲರೂ ಒಂದೇ ತಾಯಿಯ ಮಕ್ಕಳು, ಮುಂದಿನವರು ಒಡಹುಟ್ಟಿದವರಿಗಾಗಿ ಪ್ರಾಣ ಕೊಡುತ್ತಾರೆ” ಎಂದು ನಾನು ಪಾಠ ಮುಗಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ, ಮುಂದ ಯಾರ್ ನಿಂದ್ರಬೇಕಂತ ಯಾರ್ ಹೇಳ್ತಾರ್ರಿ?” ಎಂದ. “ನಿಂತ ಜಾಗವೇ ಹೇಳುತ್ತದೆ, ಕೂಡು” ಎಂದೆ. ಆ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು.

ಆ ಅರ್ಧವಾದರೂ ಕೆನೆತ್ ರೇಪರ್ ಅವರಿಂದ ಬಂದದ್ದು. ಅಮೆರಿಕದ ಉತ್ತರ ಕೆರೊಲಿನಾದ ಕಾಡಿನ ತರಗೆಲೆಯಲ್ಲಿ ಸಿಕ್ಕ ‘ಡಿಕ್ಟಿಯೋಸ್ಟೀಲಿಯಮ್ ಡಿಸ್ಕಾಯ್ಡಿಯಮ್’ ಎಂಬ ಪ್ರಭೇದವನ್ನು ಅವರು 1935ರಲ್ಲಿ ವರ್ಣಿಸಿದರು. ಕೆಂಪು ಬ್ಯಾಕ್ಟೀರಿಯಾ ತಿನ್ನಿಸಿದರೆ ಅಮೀಬಾಗಳು ಕೆಂಪಾಗುತ್ತವೆ. ಈ ಉಪಾಯದಿಂದ ಅವರು ಬಣ್ಣದ ತುಂಡು, ಬಣ್ಣವಿಲ್ಲದ ತುಂಡುಗಳನ್ನು ಕಸಿಮಾಡಿ, ಹುಳುವಿನ ಮುಂಭಾಗ ಕಾಂಡವಾಗುವುದನ್ನೂ ಹಿಂಭಾಗ ಬೀಜಕಗಳಾಗುವುದನ್ನೂ 1940ರಲ್ಲಿ ತೋರಿಸಿದರು. ಸೋಜಿಗವೆಂದರೆ, ಹುಳುವನ್ನು ಕತ್ತರಿಸಿ ಬೇರೆಬೇರೆ ಇಟ್ಟರೆ, ಸಾವಕಾಶ ಸಿಕ್ಕ ಪ್ರತಿ ತುಂಡೂ ತನ್ನದೇ ಕಾಂಡ, ತನ್ನದೇ ಬೀಜಕಗಳನ್ನು ಮಾಡಿಕೊಳ್ಳುತ್ತದೆ. ಕಾಂಡಕ್ಕೆ ಹೊರಟದ್ದು ಬೀಜಕವಾಗಬಲ್ಲದು. ಕೊನೆಯ ಗಳಿಗೆಯವರೆಗೂ ಹಣೆಬರಹ ತಿದ್ದಬಹುದಾದದ್ದೇ!

ಸೇರುವಿಕೆಯ ಗುಟ್ಟು ಬೇರೆಯವರಿಗೆ ಒಲಿಯಿತು. ಕರೆಯುವುದು ಒಂದು ರಾಸಾಯನಿಕವೆಂದು 1947ರಲ್ಲಿ ಜಾನ್ ಟೈಲರ್ ಬಾನರ್ ತೋರಿಸಿದರು. ಅದು ಸೈಕ್ಲಿಕ್ ಎಎಂಪಿ ಎಂಬುದು 1967ರಲ್ಲಿ ತಿಳಿಯಿತು. ಕರೆ ಕೇಳಿದ ಅಮೀಬಾ ತಾನೂ ಕೂಗಿ ಹಿಂದಿನವರಿಗೆ ದಾಟಿಸುತ್ತದೆ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಹೊರಟ ಒಂದು ಮನೆ ಮುಂದಿನ ಮನೆಯನ್ನೂ ಎಬ್ಬಿಸಿಕೊಂಡು ಹೋಗುವಂತೆ. ಈ ದಾಟಿಸುವಿಕೆಯಿಂದ ಗುಂಪಿನ ಆಕಾರ ಹೇಗೆ ಮೂಡುತ್ತದೆಂದು 1973ರಲ್ಲಿ ಗಣಿತದಿಂದ ವಿವರಿಸಿದವರು ವಿದ್ಯಾನಂದ ನಂಜುಂಡಯ್ಯ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಜೀವಿಯನ್ನೇ ದಶಕಗಳ ಕಾಲ ಅಭ್ಯಸಿಸಿದರು. ನಾನು ಪಾಠ ಮಾಡುತ್ತಿದ್ದಾಗ ನಮ್ಮ ನಾಡಿನಲ್ಲಿಯೇ ಇದು ನಡೆಯುತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ.

ಹುಡುಗನ ಪ್ರಶ್ನೆಗೆ ಉಳಿದರ್ಧ ಉತ್ತರ ಇಲ್ಲಿದೆ. ಗ್ಲೂಕೋಸ್ ಸಿಕ್ಕಿ ಬೆಳೆದ ಅಮೀಬಾಗಳನ್ನೂ ಸಿಗದೆ ಬೆಳೆದವನ್ನೂ ಬೆರೆಸಿದರೆ, ಉಂಡವು ಹೆಚ್ಚಾಗಿ ಬೀಜಕವಾಗುತ್ತವೆ, ಉಣ್ಣದವು ಕಾಂಡದತ್ತ ಸರಿಯುತ್ತವೆ ಎಂದು 1973ರಲ್ಲೇ ಬ್ರಿಟನ್ನಿನಲ್ಲಿ ಕಂಡಿದ್ದರು. (ಇದನ್ನು ಓದಿದ ದಿನ, ಬೆಳಿಗ್ಗೆ ಏನೂ ತಿನ್ನದೆ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದ ಕೆಲವು ಮುಖಗಳು ಕಣ್ಣ ಮುಂದೆ ಬಂದವು.) 1990ರ ದಶಕದಲ್ಲಿ ನಂಜುಂಡಯ್ಯನವರೂ ಸಂಗಡಿಗರೂ, ಗುಂಪು ಸೇರುವ ಮೊದಲೇ ಅಮೀಬಾಗಳೊಳಗಿನ ಕ್ಯಾಲ್ಸಿಯಮ್ ಪ್ರಮಾಣದಲ್ಲಿ ಭೇದವಿರುವುದನ್ನೂ, ಅದು ಹೆಚ್ಚಿದ್ದವು ಕಾಂಡದ ಕಡೆಗೆ ಒಲಿಯುವುದನ್ನೂ ತೋರಿಸಿದರು. ಅಂದರೆ ಜೀವಕೋಶ ಒಂದು ಒಲವನ್ನು ಹೊತ್ತೇ ಬರುತ್ತದೆ. ಆ ಒಲವಿನಂತೆ ಜಾಗ ಹಿಡಿಯುತ್ತದೆ. ರೇಪರ್ ಕತ್ತರಿಸಿ ತೋರಿಸಿದಂತೆ, ಜಾಗ ಬದಲಾದರೆ ಒಲವೂ ಬದಲಾಗುತ್ತದೆ.

“ಒಂದೇ ತಾಯಿಯ ಮಕ್ಕಳು” ಎಂಬ ಮಾತನ್ನೂ ಹಿಂತೆಗೆದುಕೊಳ್ಳಬೇಕಾಗಿದೆ. ನಮ್ಮ ಬಂಡೀಪುರಕ್ಕೆ ಹೊಂದಿದ ಮುದುಮಲೈ ಕಾಡಿನ ಮಣ್ಣನ್ನೂ ದೊಡ್ಡ ಪ್ರಾಣಿಗಳ ಲದ್ದಿಯನ್ನೂ ನಂಜುಂಡಯ್ಯನವರ ತಂಡ ಪರೀಕ್ಷಿಸಿ 2010ರಲ್ಲಿ ವರದಿ ಮಾಡಿತು. ಲದ್ದಿಯ ಮೂಲಕ ಇವು ದೂರದೂರ ಹರಡುತ್ತವೆ, ಹಾಗಾಗಿ ಬೇರೆಬೇರೆ ವಂಶದವು ಒಂದೆಡೆ ಬೀಳುತ್ತವೆ. ವಿವರವಾಗಿ ನೋಡಿದ ಎರಡು ಪ್ರಭೇದಗಳಲ್ಲಿ ಹೆಚ್ಚಿನ ಗುಂಪುಗಳು ಬಹುವಂಶದವೇ ಆಗಿದ್ದವು. ಒಡಹುಟ್ಟಿದವರಲ್ಲದವರಿಗಾಗಿ ಏಕೆ ಸಾಯಬೇಕು ಎಂಬುದು ಈಗ ವಿಜ್ಞಾನಿಗಳ ನಡುವಿನ ಚರ್ಚೆ.

ಆ ಹುಡುಗ ಇದನ್ನು ಓದುತ್ತಿದ್ದರೆ, ಅಂದು ಕೂಡು ಎಂದದ್ದಕ್ಕೆ ಕ್ಷಮೆಯಿರಲಿ. ಮುಂದಿನ ಪ್ರಶ್ನೆಯಿದ್ದರೆ ಬರೆದು ಕಳಿಸಪ್ಪ.