ಅಜ್ಜಿಮನೆ, ನಾಟ್ಕದ ಕಂಪ್ನಿ, ಬ್ಯಾಸ್ಗೆ ಶಿಬಿರ

ಪರೀಕ್ಷೆ ಮುಗಿದು ಐಕ ಮನೇಲಿ ಕೂತ್ರೆ ಸಾಕು, ನಮ್ಮ ಬೀದಿ ಹೆಂಗಸ್ರ ಬಾಯಲ್ಲಿ ಈಗ ಒಂದೇ ಮಾತು. "ಯಾವ ಕ್ಯಾಂಪಿಗೆ ಹಾಕ್ದೆ ಕನಕ್ಕ?" ಅಂತ. ನಮ್ಮ ಕಾಲದಲ್ಲಿ ಈ ಮಾತೇ ಇರ್ಲಿಲ್ಲ. ಹಂಗಂತ ಶಿಬಿರ ಅನ್ನೋದು ಪೇಟೆಯೋರು ನೆನ್ನೆ ಮೊನ್ನೆ ತಂದ ಶೋಕಿ ಅಂದ್ಕೋಬೇಡಿ. ಇದರ ಹಿಂದೆ ವಸಿ ಕಥೆ ಅದ, ಅದರಲ್ಲಿ ನಮ್ಮ ಕಡೆಯೋರ ಪಾಲೂ ಅದ.

ಮೊದಲು ಅಜ್ಜಿಮನೆ ವಿಚಾರ. ಗುಂಡ್ಲುಪೇಟೆ ಕಡೆ ಹಳ್ಳಿಗಳಲ್ಲಿ ಮಳೆ ಬೀಳೋವರ್ಗೂ ಹೊಲದ ಕೆಲಸ ಕಮ್ಮಿ. ಆಗ ಐಕಳನ್ನ ತವರಿಗೆ ಬಿಟ್ಟು ಬರ್ತಿದ್ರು. ಅಲ್ಲಿ ಅಜ್ಜಿಗಿಂತ ದೊಡ್ಡ ಗುರು ಅಂದ್ರೆ ಸೋದರಮಾವ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳ್ಸೋನು. ಎರಡು ದಿನ ಬುರುಡೆ, ಮೂರನೇ ದಿನ ಬಿಚ್ಚಿ ಹಾಕೋನು. ಅವ್ವ ಪಕ್ಕದಲ್ಲಿದ್ರೆ ಈ ಕೆಲಸ ನಡೀತಿತ್ತಾ? "ಅಯ್ಯೋ ನನ್ನ ಕೂಸು" ಅಂತ ಎದೆ ಬಡ್ಕೊಂಡು ಮೇಲಕ್ಕೆಳೆಯೋಳು. ಮಾವನಿಗೆ ಐಕಳ ಮೇಲೆ ಪ್ರೀತಿನೂ ಇರ್ತಿತ್ತು, ಅವ್ವನಷ್ಟು ಭಯ ಇರ್ತಿರ್ಲಿಲ್ಲ. ನನ್ನ ಲೆಕ್ಕದಲ್ಲಿ ಶಿಬಿರದ ಗುಟ್ಟೆಲ್ಲ ಇಷ್ಟೇ. ಆದ್ರೆ ಒಂದು ಮಾತು: ಈಜು ಗಂಡೈಕಳಿಗೆ. ನಾವು ಹೆಣ್ಣೈಕ ಬಾವಿ ಕಟ್ಟೆ ಮೇಲೆ ಅವರ ಬಟ್ಟೆ ಕಾಯ್ಕೊಂಡು ಕೂತಿದ್ದೋ.

ಇನ್ನೊಂದು ಜಾಗ ನಾಟ್ಕದ ಕಂಪ್ನಿ. ಗುಬ್ಬಿ ವೀರಣ್ಣನವರ ಕಂಪ್ನಿ ಗೊತ್ತಲ್ಲ, 1884ರಲ್ಲಿ ಶುರುವಾದದ್ದು. ವೀರಣ್ಣನವರೂ ಚಿಕ್ಕ ಹುಡುಗನಾಗೇ ಆ ಕಂಪ್ನಿ ಸೇರಿದೋರು. ನಮ್ಮ ಚಾಮರಾಜನಗರದ ಪಕ್ಕದ ಗಾಜನೂರಿನ ಮುತ್ತುರಾಜ, ಅದೇ ನಮ್ಮ ರಾಜ್‌ಕುಮಾರು, ಇಸ್ಕೂಲು ಅಷ್ಟಕ್ಕೇ ನಿಲ್ಸಿ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಇದೇ ಕಂಪ್ನಿಗೆ ಹೋದ್ರು. ಕಂಪ್ನಿ ಅಂದ್ರೆ ಒಂದೂರಲ್ಲಿ ತಿಂಗಳುಗಟ್ಲೆ ಬಿಡಾರ. ಕೃಷ್ಣ, ಪ್ರಹ್ಲಾದ, ಲೋಹಿತಾಶ್ವನ ಪಾರ್ಟಿಗೆ ಹುಡುಗ್ರು ಬೇಕು. ಮಾತು ತಪ್ಪಿದ್ರೆ ಮೇಷ್ಟ್ರು ಬೈಯೋರು, ಹಸಿವಾದ್ರೆ ಕಂಪ್ನಿ ಅಡುಗೆಮನೇಲಿ ಊಟ, ರಾತ್ರಿ ಸಾವಿರ ಜನದ ಮುಂದೆ ಒಬ್ಬನೇ ನಿಂತ್ಕೊಬೇಕು. ಕಷ್ಟವೂ ಇತ್ತು, ಓದು ಹೋಯ್ತು, ಅದನ್ನ ನಾನು ಹೊಗಳಲ್ಲ. ಆದ್ರೂ ಆ ಹುಡುಗ 1954ರಲ್ಲಿ ಬೇಡರ ಕಣ್ಣಪ್ಪನಾಗಿ ನಿಂತಾಗ ಅಷ್ಟು ವರ್ಷದ ಕಂಪ್ನಿ ಪಾಠವೇ ಬೆನ್ನಿಗಿತ್ತು.

ದಕ್ಷಿಣ ಕನ್ನಡದ ಮಂಚಿ ಅನ್ನೋ ಊರಿನ ಬಿ.ವಿ. ಕಾರಂತರದು ಇನ್ನೂ ಒಂದು ಕೈ ಮೇಲು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪ್ನಿ ಸೇರ್ಕೊಂಡ್ರು. ವೀರಣ್ಣನವರು ಆ ಹುಡುಗನ್ನ ಕಂಪ್ನೀಲೇ ಕಟ್ಟಿ ಹಾಕ್ಲಿಲ್ಲ ನೋಡಿ, ಮುಂದೆ ಓದ್ಲಿ ಅಂತ ಕಾಶಿಗೆ ಕಳ್ಸಿದ್ರು. ತನ್ನ ಕಂಪ್ನಿಗೆ ನಷ್ಟ ಅಂತ ಗೊತ್ತಿದ್ದೂ ಕಳ್ಸೋಕೆ ಮನಸ್ಸು ದೊಡ್ಡದಿರ್ಬೇಕು ಕನ. ಐಕ ತಮ್ಮ ಕಾಲ ಮೇಲೆ ನಿಲ್ಲಬೇಕಾದ್ರೆ ಹಿಂಗೆ ಬಿಟ್ಟುಕೊಡೋ ದೊಡ್ಡೋರು ಒಬ್ಬರಾದ್ರೂ ಸಿಕ್ಕಬೇಕು.

ಪರದೇಶದಲ್ಲಿ ಇದನ್ನ ಶಿಬಿರ ಅಂತ ಹೆಸರಿಟ್ಟು ಮಾಡಿದ್ದು ನಮಗಿಂತ ಮುಂಚೆ. ಅಮೆರಿಕದಲ್ಲಿ ಗನ್ ಅನ್ನೋ ಇಸ್ಕೂಲು ಮೇಷ್ಟ್ರು 1861ರಲ್ಲೇ ತನ್ನ ಹುಡುಗರನ್ನ ಹೊರಗೆ ಕರ್ಕೊಂಡೋಗಿ ಗುಡಾರ ಹಾಕಿದ್ರು. 1907ರ ಆಗಸ್ಟಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ಅನ್ನೋ ದ್ವೀಪಕ್ಕೆ ಇಪ್ಪತ್ತು ಚಿಲ್ಲರೆ ಹುಡುಗರನ್ನ ಕರ್ಕೊಂಡೋದ್ರು. ಸಾಹುಕಾರರ ಮಕ್ಕಳು, ಸಾಮಾನ್ಯರ ಮಕ್ಕಳು, ಎಲ್ಲಾರ್ನೂ ಬೆರೆಸಿ ನಾಕು ಗುಂಪು ಮಾಡಿ ಗುಂಪಿಗೆ ಒಬ್ಬ ಹುಡುಗನ್ನೇ ಯಜಮಾನ ಮಾಡಿದ್ರು. ಸ್ಕೌಟು ಹುಟ್ಟಿದ್ದೇ ಅಲ್ಲಿ. 1909ರಲ್ಲೇ ಅದು ಬೆಂಗಳೂರಿಗೂ ಬಂತು, ಆದ್ರೆ ಬಿಳಿಯರ, ಆಂಗ್ಲೋ ಇಂಡಿಯನ್ನರ ಹುಡುಗರಿಗೆ ಮಾತ್ರ. ನಮ್ಮೋರ ಐಕಳಿಗೆ ಬಾಗಿಲು ತೆಗೆಯೋಕೆ ಇನ್ನೂ ಹಲವು ವರ್ಷ ಹಿಡೀತು.

ಇಲ್ಲೀವರ್ಗೂ ಬರೀ ಗಂಡಸ್ರ ಹೆಸರೇ ಆಯ್ತಲ್ಲ ಅಂತೀರೇನೋ. ಆರ್. ಕಲ್ಯಾಣಮ್ಮ ಅಂತ ಇದ್ರು. ಚಿಕ್ಕ ವಯಸ್ಸಿಗೇ ಗಂಡನ್ನ ಕಳಕೊಂಡೋರು. ಮೂಲೇಲಿ ಕೂರ್ಲಿಲ್ಲ. ಸರಸ್ವತಿ ಅನ್ನೋ ಪತ್ರಿಕೇನ ಸುಮಾರು 40 ವರ್ಷ ನಡೆಸಿದ್ರು, 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೇಲಿ ಮಕ್ಕಳ ಕೂಟ ಕಟ್ಟಿದ್ರು. ಸ್ವಂತ ಮಕ್ಕಳಿಲ್ಲದ ಹೆಂಗಸನ್ನ ಶುಭಕಾರ್ಯದಲ್ಲಿ ಹಿಂದಕ್ಕೆ ನಿಲ್ಲಿಸ್ತಿದ್ದ ಕಾಲದಲ್ಲಿ ಊರಿನ ಮಕ್ಕಳೆಲ್ಲ ಅವರ ಕೂಟಕ್ಕೆ ಬಂದ್ರು. ಕಾರಂತರ ಹೆಂಡ್ತಿ ಪ್ರೇಮಾ ಕಾರಂತರೂ ಹಂಗೇ. ಟೀಚರ್ ಆಗಿದ್ದೋರು, 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಅಂತ ಮಾಡಿ ಐಕಳ ಕೈಲಿ ನಾಟ್ಕ ಆಡಿಸಿದ್ರು. ಫಣಿಯಮ್ಮ ಸಿನಿಮಾ ನೋಡಿದ್ದೀರಲ್ಲ, ಅದನ್ನ ತೆಗೆದೋರೂ ಅವರೇ.

ಕಾರಂತರು 1989ರಲ್ಲಿ ಮೈಸೂರಿನ ರಂಗಾಯಣದ ಮೊದಲನೇ ನಿರ್ದೇಶಕರಾದ್ರು. ಅಲ್ಲಿ ಆಮೇಲೆ ಶುರುವಾದದ್ದೇ ಬ್ಯಾಸ್ಗೆಯ ಚಿಣ್ಣರ ಮೇಳ. ಗುಬ್ಬಿ ಕಂಪ್ನಿಗೆ ಓಡಿಬಂದ ಹುಡುಗ ಕಟ್ಟಿದ ಜಾಗಕ್ಕೆ ಈಗ ಅಪ್ಪ ಅವ್ವನೇ ಬಂದು ಅರ್ಜಿಗೆ ಸಾಲು ನಿಲ್ತಾರೆ! ರಂಗಾಯಣದ ಕಲಾವಿದರೇ ಮುಂದೆ ನಿಂತು ಕಲಿಸಿ, ಕೊನೇಲಿ ಐಕಳ ಕೈಲೇ ನಾಟ್ಕ ಆಡಿಸ್ತಾರೆ. ನಮ್ಮ ನೆಂಟ್ರ ಮನೆ ಹುಡುಗಿ ಹೋಗಿದ್ಲು. ಜಡೆ ಹಾಕ್ಸಿಕೊಳ್ಳೋಕೂ ಅವ್ವನ ಹಿಂದೆ ಓಡಾಡ್ತಿದ್ದೋಳು. ಹದಿನೈದು ದಿನ ಕಳೆದ ಮೇಲೆ ಅವಳೇ ಹೆಣ್ಕೊಳ್ತಿದ್ಲು, ಸೊಟ್ಟಗಿದ್ರೂ ಸರಿ. "ಅವ್ವ, ನೀನು ಗೇಟಿಂದಾಚೆಗೇ ನಿಲ್ಲು" ಅಂದಳಂತೆ. ಅವರವ್ವ ನನ್ನ ಹತ್ರ ಫೋನಲ್ಲಿ ಅತ್ಬುಟ್ಲು. ನನಗೇನೋ ನಗು ಬಂತು.

ಎಲ್ಲಾ ಐಕಳಿಗೂ ಅವ್ವನ್ನ ಬಿಟ್ಟಿರೋದು ಬ್ಯಾಸ್ಗೆ ಆಟ ಅಲ್ಲ. ನಮ್ಮ ಬಿಳಿಗಿರಿ ರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು. ಅಲ್ಲಿ ಸೋಲಿಗರ ಐಕ ಹಾಸ್ಟೆಲಲ್ಲಿದ್ದು ಓದ್ತಾರೆ. 1994ರಲ್ಲಿ ಸುದರ್ಶನ್ ಅವರಿಗೆ ಪರದೇಶದ ದೊಡ್ಡ ಪ್ರಶಸ್ತಿಯೂ ಬಂತು. ಆದ್ರೆ ಸೋಲಿಗರ ಹುಡುಗ್ರಿಗೆ ಜೇನು ಯಾವ ಮರದಲ್ಲಿ, ಯಾವ ಗೆಣಸು ತಿನ್ಬೋದು ಅಂತ ಹೇಳ್ಕೊಡೋ ದೊಡ್ಡೋರು ಪೋಡಲ್ಲೇ ಇದ್ರು. ಸ್ವಂತವಾಗಿ ಬದುಕೋದನ್ನ ಅವರಿಗೆ ನಾವು ಹೊಸದಾಗಿ ಕಲಿಸೋದೇನಿಲ್ಲ. ಓದು ಬೇಕು, ಅದನ್ನ ಕೊಟ್ಟಿದ್ದು ಒಳ್ಳೇದು. ಹಾಸ್ಟೆಲಿಗೆ ಬಂದು ಕಾಡಿನ ಪಾಠ ಮರೆತ್ರೆ ಅದೂ ನಷ್ಟವೇ.

ಈ ಸಲ ಕಳ್ಸೋರು ಫೀಸು ಎಷ್ಟು, ಏನೇನು ಹೇಳ್ಕೊಡ್ತಾರೆ ಅಂತ ಕೇಳೋಕೂ ಮುಂಚೆ ಕಲಿಸೋರು ಯಾರು ಅಂತ ಕೇಳಿ. ದಿನಾಲೂ ಅವರೇ ಇರ್ತಾರಾ, ಎಷ್ಟು ಐಕಳಿಗೆ ಒಬ್ಬರು, ಹೆಣ್ಣೈಕಳ ಜೊತೆ ಹೆಂಗಸ್ರು ಇರ್ತಾರಾ, ಕಕ್ಕಸಿಗೆ ಚಿಲಕ ಅದಾ. ಒಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಎಲ್ಲಾ ಸರಿ ಅಂತ ಕಂಡ ಮೇಲೆ ಗಂಡೈಕಳ್ನ ಮಾತ್ರ ಕಳ್ಸಿ ಹೆಣ್ಣುಮಗೀನ ಪಾತ್ರೆ ಬೆಳಗೋಕೆ ಮನೇಲಿ ಉಳಿಸ್ಕೊಬೇಡಿ. ಬಾವಿ ಕಟ್ಟೆ ಮೇಲೆ ನಾವು ಕೂತಿದ್ದು ಸಾಕು ಕನ್ರವ್ವ.